ಬಲಗೈಯ ಸಲ್ಫೈಡು

ಮೊನ್ನೆ ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ಬಸ್ಸಿನಲ್ಲಿ ಯಾರೋ ಒಬ್ಬರು ಸೀಟಿನ ಅಡಿಗೆ ಬಕೆಟ್ ತಳ್ಳಿ, ಮೇಲೆ ಗೋಣಿಚೀಲ ಮುಚ್ಚಿ, ತಮಗೂ ಅದಕ್ಕೂ ಸಂಬಂಧವೇ ಇಲ್ಲದವರಂತೆ ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ಬಸ್ಸು ಪೇಟೆ ದಾಟುವ ಮೊದಲೇ ವಾಸನೆ ಎದ್ದಿತು. ಮುಂದಿನ ಸೀಟಿನ ಹೆಂಗಸು ಸೆರಗು ಮೂಗಿಗೊತ್ತಿಕೊಂಡಳು, ಕಾಲೇಜು ಹುಡುಗರು ಒಬ್ಬರ ಮೇಲೊಬ್ಬರು ಆರೋಪ ಹೊರಿಸಿ ನಕ್ಕರು, ಕಂಡಕ್ಟರು ನೀರಡಿಕೆ ತಂದವರು ಯಾರೆಂದು ಬಸ್ಸಿಗೆಲ್ಲ ಕೇಳುವ ಹಾಗೆ ವಿಚಾರಿಸತೊಡಗಿದ. ಎಲ್ಲರೂ ಮೂಗು ಮುಚ್ಚಿಕೊಂಡರೆ ನಾನೊಬ್ಬಳು ಬಲಗೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದೆ. ಸಿದ್ದಾಪುರದ ಕಡೆಯ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುವ, ತಲೆಗೂದಲು ನೆರೆಯತೊಡಗಿದ ಹೆಂಗಸು ತುಂಬಿದ ಬಸ್ಸಿನಲ್ಲಿ ತನ್ನ ಕೈ ತಾನೇ ಮೂಸುವುದು ಸಭ್ಯ ನೋಟವಲ್ಲ. ಆದರೆ ಆ ವಾಸನೆ ಬಂದಾಗ ಕೈ ತಾನಾಗಿಯೇ ಮೇಲೇಳುತ್ತದೆ. ಅದು ತೊಂಬತ್ತರ ದಶಕದ ನಡುವೆ, ನಾನು ಯಲ್ಲಾಪುರದಲ್ಲಿ ಎರಡನೇ ಪಿಯುಸಿ ಓದಿದ ವರ್ಷ ಅಂಟಿಕೊಂಡ ಅಭ್ಯಾಸ.

ನೀರಡಿಕೆ ಎಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಹಣ್ಣಡಿಕೆಯನ್ನು ದೊಡ್ಡ ಮಣ್ಣಿನ ಗುಡಾಣದಲ್ಲಿ ಹಾಕಿ, ನೀರು ತುಂಬಿ, ತಿಂಗಳುಗಟ್ಟಲೆ ಇಡುತ್ತಾರೆ. ಸಿಪ್ಪೆ ಕೊಳೆಯುತ್ತದೆ, ನೀರು ಕಪ್ಪಾಗುತ್ತದೆ, ಒಳಗಿನ ಅಡಿಕೆ ಮಾತ್ರ ಮೆತ್ತಗೆ, ರುಚಿಯಾಗಿ ಉಳಿಯುತ್ತದೆಯಂತೆ. ನನ್ನ ಅಜ್ಜನಿಗೆ ಹಲ್ಲಿರಲಿಲ್ಲ. ಎಲೆಯಡಿಕೆಯ ಕವಳವಿಲ್ಲದೆ ಅವನಿಗೆ ಬೆಳಗಾಗುತ್ತಿರಲಿಲ್ಲ, ನೀರಡಿಕೆಯಿಲ್ಲದೆ ಕವಳವಾಗುತ್ತಿರಲಿಲ್ಲ. ನಮಗೆ ತೋಟವಿರಲಿಲ್ಲ. ಅಪ್ಪ ಮದುವೆ ಮುಂಜಿಗಳಿಗೆ ಅಡುಗೆಗೆ ಹೋಗುತ್ತಿದ್ದ, ಅಮ್ಮನೂ ಕಾಯಿ ತುರಿಯಲು, ಬೀಸಲು ಅವನ ಜೊತೆ ಹೋಗುತ್ತಿದ್ದಳು. ಹೋದ ಮನೆಗಳಿಂದ ಅಪ್ಪ ಅಜ್ಜನಿಗಾಗಿ ಹಣ್ಣಡಿಕೆ ಕೇಳಿ ತರುತ್ತಿದ್ದ. ಬಚ್ಚಲಿನ ಹಿಂದಿನ ಗುಡಾಣಕ್ಕೆ ದಿನಾ ಬೆಳಿಗ್ಗೆ ಕೈ ಹಾಕಿ, ಅಂದಂದಿಗೆ ಬೇಕಾದ ಅಡಿಕೆ ತೆಗೆದು ಸುಲಿದು ಕೊಡುವ ಕೆಲಸ ನನ್ನದು. ಸೌಟು ಹಾಕಬಾರದು, ಕಲಕಿದರೆ ಕೆಡುತ್ತದೆ ಎನ್ನುವುದು ಅಜ್ಜನ ಕಾನೂನು. ನಾನು ಮೊಣಕೈವರೆಗೆ ಕೈ ಇಳಿಸಿ, ಬೆರಳಿನಿಂದಲೇ ಹದ ನೋಡಿ ತೆಗೆಯುತ್ತಿದ್ದೆ. ಚಿಕ್ಕಂದಿನಿಂದ ಮಾಡಿದ ಕೆಲಸವಾದ್ದರಿಂದ ಅದು ನಾರುತ್ತದೆ ಎನ್ನುವುದೇ ನನ್ನ ತಲೆಗೆ ಹೊಳೆದಿರಲಿಲ್ಲ.

ಕಾಲೇಜಿನಲ್ಲಿ ನನ್ನ ತಲೆ ತುಂಬ ಬೇರೆ ತಾಪತ್ರಯಗಳಿದ್ದವು. ಹತ್ತನೆಯ ತರಗತಿಯವರೆಗೆ ಆಮ್ಲಜನಕ, ಜಲಜನಕ, ಸಾರಜನಕ ಎಂದು ಅಚ್ಚುಕಟ್ಟಾಗಿ ಕಲಿತು ಬಂದವಳನ್ನು ಪಿಯುಸಿಯ ಬಾಗಿಲಲ್ಲಿ ನಿಲ್ಲಿಸಿ, ಅದೆಲ್ಲ ಮರೆತುಬಿಡು, ಇನ್ನು ಇಂಗ್ಲಿಷಿನಲ್ಲಿ ಮೊದಲಿಂದ ಶುರು ಮಾಡು ಎಂದುಬಿಟ್ಟಿದ್ದರು. ಒಂದು ಪುಟ ಓದಲು ಪಕ್ಕದಲ್ಲಿ ನಿಘಂಟು ಬೇಕು. ನಿಘಂಟಿನಲ್ಲಿ ಸಿಕ್ಕಿದ ಕನ್ನಡ ಪದ ಇಂಗ್ಲಿಷಿಗಿಂತ ಕಠಿಣವಾಗಿರುತ್ತಿತ್ತು. ಗಣಿತ ಹೇಗೋ ನಡೆಯುತ್ತಿತ್ತು, ಅಲ್ಲಿ ಅಂಕಿಗಳಿದ್ದವು. ಭೌತಶಾಸ್ತ್ರಕ್ಕೆ ಒಳ್ಳೆಯ ಲೆಕ್ಚರರು ಇದ್ದರು. ಕೆಮಿಸ್ಟ್ರಿಗೆ ಮಾತ್ರ ಆಗಸ್ಟಿನವರೆಗೆ ಯಾರೂ ಇರಲಿಲ್ಲ. ಇದ್ದವರು ವರ್ಗವಾಗಿ ಹೋಗಿದ್ದರು, ಬರಬೇಕಾದವರು ಬರಲೇ ಇಲ್ಲ. ಆ ಪಿರಿಯಡ್ಡುಗಳಲ್ಲಿ ನಾವು ಮಳೆ ನೋಡುತ್ತ ಕೂರುತ್ತಿದ್ದೆವು. ಮಳೆ ಸುಂದರ ಎಂದು ಬರೆಯುವವರನ್ನು ಒಂದು ದಿನ ಆ ಬೆಂಚಿನ ಮೇಲೆ ಕೂರಿಸಿ, ಪಾಠವಾಗದ ಪುಸ್ತಕ ಕೈಗೆ ಕೊಟ್ಟು ನೋಡಬೇಕು.

ನನ್ನ ಪಕ್ಕದಲ್ಲಿ ಕೂರುತ್ತಿದ್ದವಳು ಗುಲಾಬಿ. ಇಡಗುಂದಿಯ ಕಡೆಯವಳು, ಅವರ ಮನೆಯಲ್ಲಿ ಗದ್ದೆ, ಎತ್ತು, ಕೋಳಿ ಎಲ್ಲ ಇದ್ದವು. ಅವಳಿಗೂ ಇಂಗ್ಲಿಷು ನನ್ನಷ್ಟೇ ಬರುತ್ತಿತ್ತು, ಆದರೆ ನನ್ನ ಹಾಗೆ ಮುಖ ಸಣ್ಣದು ಮಾಡಿಕೊಂಡು ಕೂರುತ್ತಿರಲಿಲ್ಲ. ನಮ್ಮಿಬ್ಬರದೂ ಒಂದೇ ಯೋಜನೆ. ಪಿಯುಸಿ ಪಾಸು ಮಾಡುವುದು, ಹುಬ್ಬಳ್ಳಿಯಲ್ಲಿ ಫಾರ್ಮಸಿ ಡಿಪ್ಲೊಮಾ ಮಾಡುವುದು, ತಿರುಗಿ ಬಂದು ಯಲ್ಲಾಪುರದ ಪೇಟೆಯಲ್ಲಿ ಇಬ್ಬರೂ ಸೇರಿ ಔಷಧಿ ಅಂಗಡಿ ಇಡುವುದು. ಅಂಗಡಿಯಲ್ಲಿ ಯಾರು ಯಾವ ಕಡೆ ನಿಲ್ಲಬೇಕು ಎನ್ನುವವರೆಗೂ ನಿರ್ಧಾರವಾಗಿತ್ತು. ಅಪ್ಪ ಒಪ್ಪಿದ್ದ, ಆದರೆ ಒಂದು ಷರತ್ತು ಹಾಕಿದ್ದ. ಒಂದೇ ಸಲಕ್ಕೆ ಪಾಸಾದರೆ ಹುಬ್ಬಳ್ಳಿ, ಇಲ್ಲದಿದ್ದರೆ ಆ ಮಾತು ಮುಗಿಯಿತು. ಮತ್ತೆ ಮತ್ತೆ ಪರೀಕ್ಷೆ ಕಟ್ಟಿ ಮನೆಯಲ್ಲಿ ಕೂತವರನ್ನು ಅವನು ಸಾಕಷ್ಟು ನೋಡಿದ್ದ.

ಮಳೆ ಇಳಿಮುಖವಾಗುವ ಹೊತ್ತಿಗೆ ಬ್ಯಾಡಗಿ ಕಡೆಯ ಬಸವರಾಜ ಸರ್ ತಾತ್ಕಾಲಿಕವಾಗಿ ಬಂದರು. ಬಂದವರೇ ಓಡತೊಡಗಿದರು. ಒಂದು ಅಧ್ಯಾಯ ಅರ್ಥವಾಗುವಷ್ಟರಲ್ಲಿ ಅವರು ಮೂರನೆಯದರಲ್ಲಿ ಇರುತ್ತಿದ್ದರು. ಥಿಯರಿಯಲ್ಲಿ ಸಿಕ್ಕಷ್ಟು ಸಿಗಲಿ, ಪ್ರಾಕ್ಟಿಕಲ್ ಗಟ್ಟಿ ಮಾಡಿಕೊಳ್ಳಿ, ನಿಮ್ಮನ್ನು ದಡ ಹತ್ತಿಸುವುದು ಅದೇ ಎಂದು ನಮಗೆಲ್ಲ ಹೇಳಿದರು. ಪ್ರಾಕ್ಟಿಕಲ್‌ನಲ್ಲಿ ಮುಖ್ಯವಾದದ್ದು ಸಾಲ್ಟ್. ಚಿಟಿಕೆ ಪುಡಿ ಕೊಡುತ್ತಾರೆ, ಅದು ಯಾವ ಲವಣವೆಂದು ಕಂಡುಹಿಡಿಯಬೇಕು. ಆಸಿಡ್ ಹಾಕಬೇಕು, ಏಳುವ ಗಾಳಿಯನ್ನು ಕೈಯಿಂದ ಮೂಗಿನ ಕಡೆ ಮೆಲ್ಲಗೆ ಬೀಸಿಕೊಂಡು ವಾಸನೆ ನೋಡಬೇಕು. ಇದನ್ನು ಕೇಳಿ ನನಗೆ ಜೀವ ಬಂದಿತ್ತು. ಮೂಗಿಗೆ ಇಂಗ್ಲಿಷು ಬೇಕಾಗಿಲ್ಲವಲ್ಲ.

ಆದರೆ ಪುಸ್ತಕ ಅಲ್ಲಿಯೂ ಕಾಲಿಗೆ ಅಡ್ಡ ಬಂತು. ಸಲ್ಫೈಡಿಗೆ ಆಸಿಡ್ ಹಾಕಿದರೆ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ ಎಂದು ಅದರಲ್ಲಿ ಬರೆದಿತ್ತು. ನಮ್ಮ ಮನೆಯ ಹೊಸಿಲನ್ನು ಮೊಟ್ಟೆ ದಾಟಿದ್ದಿಲ್ಲ. ಒಳ್ಳೆಯ ಮೊಟ್ಟೆಯ ವಾಸನೆಯೇ ತಿಳಿಯದವಳಿಗೆ ಕೊಳೆತದ್ದು ಎಲ್ಲಿಂದ ತಿಳಿಯಬೇಕು? ಎದ್ದು ನಿಂತು ಕೇಳಿದೆ. ಸರ್ ಕೂಡ ಮೊಟ್ಟೆಯ ಸಹವಾಸವಿಲ್ಲದವರೇ. ಸಲ್ಫೈಡಿನ ವಾಸನೆ ತಮಗೆ ಚೆನ್ನಾಗಿ ಗೊತ್ತು, ಮೊಟ್ಟೆ ಮಾತ್ರ ಗೊತ್ತಿಲ್ಲ, ತೋರಿಸೋಣವೆಂದರೆ ಲ್ಯಾಬಿನಲ್ಲಿ ಸಲ್ಫೈಡಿನ ಬಾಟಲಿ ಎರಡು ವರ್ಷದಿಂದ ಖಾಲಿ ಎಂದರು. ಹೊಸ ಕೆಮಿಕಲ್ ಬರೆದು ಕಳಿಸಿಯಾಗಿತ್ತು. ಅದು ಬರುವುದು ಪರೀಕ್ಷೆಯ ಹೊತ್ತಿಗೇ ಎಂದು ಕ್ಲಾಸಿನ ಎಲ್ಲರಿಗೂ ಗೊತ್ತಿತ್ತು.

ಗುಲಾಬಿಗೆ ನನ್ನ ಕಷ್ಟ ನೋಡಲಾಗಲಿಲ್ಲ. ಕಾವಿಗಿಟ್ಟದ್ದರಲ್ಲಿ ಮರಿಯಾಗದೆ ಕೆಟ್ಟುಹೋದ ಮೊಟ್ಟೆಯೊಂದನ್ನು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯೊಳಗಿಟ್ಟು, ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಕಿಕ್ಕಿರಿದ ಬಸ್ಸಿನಲ್ಲಿ ಇಡಗುಂದಿಯಿಂದ ಒಂದಿಷ್ಟೂ ಕುಲುಕದ ಹಾಗೆ ತಂದಳು. ಒಡೆದಿದ್ದರೆ ಬಸ್ಸಿನಿಂದ ಇಳಿಸುತ್ತಿದ್ದರು. ಮಧ್ಯಾಹ್ನ ಕಾಲೇಜಿನ ಹಿಂದಿನ ಮಾವಿನ ಮರದ ಬುಡದಲ್ಲಿ ಕಲ್ಲಿಗೆ ಹೊಡೆದು ಒಡೆದಳು. ನಾನು ಮಡಿ ಬಿಟ್ಟು, ಹೆದರುತ್ತಲೇ ಬಗ್ಗಿ ಮೂಸಿದೆ. ನಗು ಬಂತು, ಸಿಟ್ಟೂ ಬಂತು. ಅದು ನಮ್ಮ ಬಚ್ಚಲ ಹಿಂದಿನ ವಾಸನೆ. ದಿನಾ ಬೆಳಿಗ್ಗೆ ಮೊಣಕೈವರೆಗೆ ಮುಳುಗಿಸುತ್ತಿದ್ದ ಅದೇ ನೀರು. ಇದನ್ನು ನೀರಡಿಕೆಯ ವಾಸನೆ ಎಂದು ಬರೆದಿದ್ದರೆ ಯಲ್ಲಾಪುರದ ಹುಡುಗಿಗೆ ಇಷ್ಟು ದಿನ ವ್ಯರ್ಥವಾಗುತ್ತಿರಲಿಲ್ಲ ಎಂದು ಪುಸ್ತಕ ಬರೆದವರನ್ನು ಬೈದುಕೊಂಡೆ. ಏನೇ ಆದರೂ ಇನ್ನು ಒಂದು ಸಾಲ್ಟ್ ನನ್ನ ಕೈಯಲ್ಲಿದೆ ಎಂದುಕೊಂಡೆ.

ಕೈಯಲ್ಲೇ ಇತ್ತು. ಮುಂದಿನ ವಾರ ಕೊಟ್ಟ ಪುಡಿಗೆ ಆಸಿಡ್ ಹಾಕಿ ಬೀಸಿಕೊಂಡೆ, ನೀರಡಿಕೆಯ ವಾಸನೆ ಬಂತು. ಸಲ್ಫೈಡು ಎಂದು ಬರೆದೆ. ಸರ್ ನೋಡಿ ತಪ್ಪು ಎಂದರು, ಅದು ಕಾರ್ಬೊನೇಟು. ಅದರ ಮುಂದಿನ ವಾರವೂ ಅದೇ ವಾಸನೆ, ಅದೇ ಉತ್ತರ. ಅದು ನೈಟ್ರೇಟು. ಹಾಗೆಯೇ ಡಿಸೆಂಬರು ಕಳೆಯಿತು. ಬೆಳಗಿನ ಮಂಜು ಕರಗುವ ಮೊದಲೇ ಬಸ್ಸು ಹಿಡಿದು, ಸ್ಪೆಷಲ್ ಕ್ಲಾಸಿಗೆ ಎಲ್ಲರಿಗಿಂತ ಮೊದಲು ಬಂದು, ಸ್ಪಿರಿಟ್ ದೀಪದ ಮುಂದೆ ನಿಂತು ಎಲ್ಲರಿಗಿಂತ ಹೆಚ್ಚು ತಪ್ಪು ಮಾಡುವವಳು ನಾನೇ. ಮೊಟ್ಟೆ ಮೂಸುವ ಮೊದಲು ಯಾವ ವಾಸನೆಗೂ ಹೆಸರು ಗೊತ್ತಿರಲಿಲ್ಲ, ಈಗ ಎಲ್ಲ ವಾಸನೆಗೂ ಒಂದೇ ಹೆಸರಾಗಿತ್ತು. ಕೊನೆಗೊಂದು ದಿನ ಸರ್ ತಾಳ್ಮೆ ಕಳೆದುಕೊಂಡರು.

“ಎರಡು ವರ್ಷದಿಂದ ಸಲ್ಫೈಡ್ ಬಾಟ್ಲಿ ಖಾಲಿ ಐತಿ. ನಿನ್ನ ಟ್ಯೂಬಿನಾಗ ಅದು ಎಲ್ಲಿಂದ ಬಂತವಾ?”

ಕ್ಲಾಸು ನಕ್ಕಿತು. ನಾನು ಅಳಲಿಲ್ಲ, ಅಳುವಷ್ಟು ಸಣ್ಣ ಸಿಟ್ಟಾಗಿರಲಿಲ್ಲ ಅದು. ಸರ್ ಅತ್ತ ಹೋದ ಮೇಲೆ ಗುಲಾಬಿ ಹತ್ತಿರ ಬಂದಳು, ನನ್ನ ಬಲಗೈ ಹಿಡಿದೆಳೆದು ಮೂಸಿದಳು, ಮೂಗು ಹಿಂಡಿಕೊಂಡಳು.

“ಸಾಲ್ಟಲ್ಲ ಮಾರಾಯ್ತಿ, ನಾರೂದು ನಿನ್ನ ಕೈ. ಅದೇ ಕೈಯಾಗೆ ಬೀಸ್ಕಂಡ್ರೆ ಮತ್ತೆಂತ ವಾಸ್ನೆ ಬರ್ತದೆ?”

ಮನೆಗೆ ಹೋಗಿ ಕೈ ತೊಳೆದೆ. ಸೀಗೆಪುಡಿ, ಬೂದಿ, ಹುಣಸೆಹಣ್ಣು, ಲಿಂಬೆಯ ಸಿಪ್ಪೆ, ಸೀಮೆಎಣ್ಣೆ ಎಲ್ಲ ಆಯಿತು. ಚರ್ಮ ಸುಲಿಯಿತೇ ಹೊರತು ವಾಸನೆ ಹೋಗಲಿಲ್ಲ, ಉಗುರಿನ ಸಂದಿಯಲ್ಲಿ ಕೂತು ನನ್ನನ್ನೇ ಅಣಕಿಸುತ್ತಿತ್ತು. ಇನ್ನು ಗುಡಾಣಕ್ಕೆ ಎಡಗೈ ಹಾಕುತ್ತೇನೆ ಎಂದು ಅಜ್ಜನಿಗೆ ಹೇಳಿದೆ. ಅವನು ಜಗಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತಿದ್ದವ ತಲೆಯನ್ನೂ ಎತ್ತಲಿಲ್ಲ.

“ಎಡಗೈಯಲ್ಲಿ ತೆಗದ ಅಡಕೆ ಆನು ತಿಂತ್ನಿಲ್ಲೆ.”

ಹಾಗಾದರೆ ನೀನೇ ತೆಗೆದುಕೋ ಎಂದೆ. ಸೊಂಟ ಬಗ್ಗುವುದಿಲ್ಲ ಎಂದ. ಪರೀಕ್ಷೆಯವರೆಗೆ ಒಣ ಅಡಿಕೆ ಕುಟ್ಟಿ ಕೊಡುತ್ತೇನೆ ಎಂದೆ. ಒಸಡು ತಡೆಯುವುದಿಲ್ಲ ಎಂದ. ಕೈ ನಾರುತ್ತದೆಂದು ಪರೀಕ್ಷೆ ಹೋಗುವುದುಂಟೇ, ತೊಳೆದರೆ ಹೋಗುವ ವಾಸನೆಯಪ್ಪ ಎಂದು ನನಗೇ ಬುದ್ಧಿ ಹೇಳಿದ. ಅಪ್ಪ ಅಮ್ಮ ಅಡುಗೆಗೆಂದು ಊರೂರು ತಿರುಗುವ ಕಾಲ, ಮನೆಯಲ್ಲಿ ನಾವಿಬ್ಬರೇ. ಹಠದಲ್ಲಿ ಅವನು ನನ್ನ ಅಜ್ಜ ಎಂದು ಹೇಳಬೇಕಾಗಿರಲಿಲ್ಲ. ಎರಡು ದಿನ ಗುಡಾಣದ ಹತ್ತಿರ ಹೋಗಲಿಲ್ಲ. ಅವನು ಕವಳವಿಲ್ಲದೆ, ಊಟ ಸೇರದೆ, ಜಗಲಿಯ ಮೂಲೆಯಲ್ಲಿ ಮುಖ ಗೋಡೆಗೆ ಹಾಕಿ ಮಲಗಿದ. ಮೂರನೆಯ ದಿನ ನಾನೇ ಸೋತು ಬಲಗೈ ಇಳಿಸಿದೆ.

ಲ್ಯಾಬಿನಲ್ಲಿ ಎಡಗೈಯಿಂದ ಬೀಸಿಕೊಂಡು ನೋಡಿದೆ. ಆಗ ಟ್ಯೂಬನ್ನು ಬಲಗೈಯಲ್ಲಿ ಹಿಡಿಯಬೇಕಾಗುತ್ತಿತ್ತು, ನಾತ ಟ್ಯೂಬಿನ ಜೊತೆಗೇ ಮೂಗಿನ ಬುಡಕ್ಕೆ ಬರುತ್ತಿತ್ತು. ಸರ್‌ಗೆ ಎಲ್ಲ ಹೇಳಿದೆ. ಅವರು ನಗಲಿಲ್ಲ, ಒಳ್ಳೆಯ ಮನುಷ್ಯ. ಸ್ವಲ್ಪ ಯೋಚಿಸಿ ಒಂದು ಉಪಾಯ ಹೇಳಿಕೊಟ್ಟರು.

“ನಿನಗ ಆ ವಾಸನಿ ಬಂತಂದ್ರ ಬಂದಿಲ್ಲ ಅಂತ ತಿಳ್ಕೋ. ಅದನ್ನ ಬಿಟ್ಟು ಮುಂದಿನ ಟೆಸ್ಟಿಗೆ ಹೋಗು.”

ಉಪಾಯ ಫಲಿಸಿತು. ನೀರಡಿಕೆಯ ವಾಸನೆಯನ್ನು ಮನಸ್ಸಿನಿಂದ ಕಳೆದು, ಉಳಿದದ್ದನ್ನು ಮಾತ್ರ ನೋಡುವುದನ್ನು ಕಲಿತೆ. ಕಾರ್ಬೊನೇಟು ಸಿಕ್ಕಿತು, ಕ್ಲೋರೈಡು ಸಿಕ್ಕಿತು, ನೈಟ್ರೇಟಿನ ಕಂದು ಉಂಗುರವೂ ಸಿಕ್ಕಿತು. ಜನವರಿ ಮುಗಿಯುವಾಗ ಸರ್ ಕೊಟ್ಟದ್ದೆಲ್ಲ ಸರಿಯಾಗಿ ಬರೆಯುತ್ತಿದ್ದೆ. ಆದರೂ ನಾನು ಲ್ಯಾಬಿನೊಳಗೆ ಬಂದರೆ ಗುಲಾಬಿ ದೂರದ ಮೇಜಿನಿಂದಲೇ ಎರಡು ಬೆರಳಲ್ಲಿ ಮೂಗು ಹಿಂಡಿ ತೋರಿಸುತ್ತಿದ್ದಳು. ಅದು ನಮ್ಮಿಬ್ಬರ ನಡುವಿನ ತಮಾಷೆಯಾಗಿ ಉಳಿದುಬಿಟ್ಟಿತ್ತು.

ಪ್ರಾಕ್ಟಿಕಲ್ ಪರೀಕ್ಷೆ ಫೆಬ್ರವರಿಯಲ್ಲಿ. ಅಪಾಯವೇ ಬೇಡವೆಂದು ಅದಕ್ಕೆ ಮೂರು ದಿನ ಮೊದಲೇ ಇಡಗುಂದಿಗೆ, ಗುಲಾಬಿಯ ಮನೆಗೆ ಹೋಗಿ ಉಳಿದೆ. ಅವರ ಅವ್ವಿ ನನಗಾಗಿ ಪಾತ್ರೆಗಳನ್ನು ಹುಣಸೆ ಹಚ್ಚಿ ತೊಳೆದು ಬೇರೆಯಿಟ್ಟಿದ್ದರು, ಕೋಳಿಗಳನ್ನು ಕೂಡ ಹಿತ್ತಿಲಿಗೆ ಅಟ್ಟಿದ್ದರು. ಹಾಗೆ ಮಾಡಿದ್ದಕ್ಕೆ ನನಗೆ ನಾಚಿಕೆಯಾಗಿ, ಕೋಳಿ ಒಳಗೆ ಬಂದರೂ ಅಡ್ಡಿಯಿಲ್ಲ ಎಂದೆ. ದಿನಕ್ಕೆ ಹತ್ತು ಸಲ ಕೈ ಮೂಸಿಕೊಂಡೆ. ಹೊರಡುವ ಬೆಳಿಗ್ಗೆ ಗುಲಾಬಿಯೇ ಮೂಸಿ, ಏನೂ ಇಲ್ಲವೆಂದು ಹೇಳಿದಳು. ಇಷ್ಟರಲ್ಲಿ ಮನೆಯಲ್ಲಿ ಅಜ್ಜ ತಾನೇ ಬಗ್ಗಿ ಗುಡಾಣದಿಂದ ಅಡಿಕೆ ತೆಗೆದುಕೊಂಡು ಆರಾಮಾಗಿ ಕವಳ ಹಾಕುತ್ತಿದ್ದನೆಂದು ಆಮೇಲೆ ತಿಳಿಯಿತು. ಬೇಕೆಂದಾಗ ಸೊಂಟ ಬಗ್ಗುತ್ತದೆ.

ಪರೀಕ್ಷೆಯ ದಿನ ಲ್ಯಾಬಿನ ಕಪಾಟು ತುಂಬ ಹೊಸ ಬಾಟಲಿಗಳಿದ್ದವು. ನಾವು ಅಂದುಕೊಂಡಂತೆಯೇ ಅವು ಆ ವಾರ ಬಂದಿದ್ದವು. ಹೊರಗಿನಿಂದ ಬಂದ ಪರೀಕ್ಷಕರು ಪೊಟ್ಟಣ ಹಂಚಿದರು. ನನಗೆ ಸಿಕ್ಕಿದ್ದು ಬಿಳಿ ಪುಡಿ. ಆಸಿಡ್ ಹಾಕಿ ಬೀಸಿಕೊಂಡೆ. ನೀರಡಿಕೆಯ ವಾಸನೆ ಗಪ್ಪೆಂದು ಬಂತು.

ಬಂದಿಲ್ಲ ಎಂದು ತಿಳಿದುಕೊಂಡೆ. ಇಷ್ಟು ತೊಳೆದರೂ ಹೋಗಲಿಲ್ಲವಲ್ಲ ಎಂದು ಕೈಗೆ ಶಾಪ ಹಾಕಿದೆ. ತಲೆಯೆತ್ತಿದರೆ ದೂರದ ಮೇಜಿನಿಂದ ಗುಲಾಬಿ ನನ್ನ ಕಡೆ ನೋಡಿ ಮೂಗು ಹಿಂಡಿ ತೋರಿಸಿದಳು. ಪರೀಕ್ಷೆಯಲ್ಲೂ ಇವಳಿಗೆ ತಮಾಷೆಯೇ ಎಂದು ಸಿಟ್ಟು ಬಂದು ತಲೆ ತಗ್ಗಿಸಿದೆ. ಮತ್ತೂ ಎರಡು ಸಲ ಹಾಗೆ ಮಾಡಿದಳೇನೋ, ನಾನು ನೋಡಲೇ ಇಲ್ಲ. ಲೆಡ್ ಅಸಿಟೇಟಿನಲ್ಲಿ ಅದ್ದಿದ ಕಾಗದದ ಚೂರು ಮೇಜಿನ ಮೇಲೇ ಇತ್ತು. ಟ್ಯೂಬಿನ ಬಾಯಿಗೆ ಹಿಡಿದಿದ್ದರೆ ಅದು ಕಪ್ಪಾಗಿ, ನನ್ನ ಮೂಗು ಸುಳ್ಳು ಹೇಳುತ್ತಿಲ್ಲವೆಂದು ಸಾಕ್ಷಿ ಹೇಳುತ್ತಿತ್ತು. ಬಾರದ ವಾಸನೆಗೆ ಕಾಗದವೇಕೆ ಎಂದು ಬಿಟ್ಟೆ. ಕ್ಲೋರೈಡೇ ಇರಬೇಕೆಂದು ಸಿಲ್ವರ್ ನೈಟ್ರೇಟ್ ಹಾಕಿದರೆ ಬಿಳಿ ಬರುವಲ್ಲಿ ಕಪ್ಪು ಬಂತು. ಟ್ಯೂಬು ಕೊಳೆಯಾಗಿದೆ ಎಂದು ಚೆಲ್ಲಿಬಿಟ್ಟೆ. ಹೊತ್ತು ಮುಗಿಯುತ್ತ ಬಂದಿತ್ತು, ಕ್ಲೋರೈಡು ಎಂದು ಬರೆದು ಎದ್ದೆ.

ಪರೀಕ್ಷಕರು ಕರವಸ್ತ್ರವನ್ನು ಮೂಗಿಗೆ ಹಿಡಿದುಕೊಂಡೇ ನನ್ನ ಮೇಜಿಗೆ ಬಂದರು. ಏನಾದರೂ ವಾಸನೆ ಬಂತೇ ಎಂದು ಕೇಳಿದರು. ಇಲ್ಲ ಎಂದೆ. ಸರಿಯಾಗಿ ನೋಡಿದಿರಾ ಎಂದರು. ನೋಡಿದೆ, ಇಲ್ಲ ಸರ್ ಎಂದೆ. ಅವರು ಕರವಸ್ತ್ರದ ಮೇಲಿನಿಂದ ನನ್ನನ್ನು ನೋಡಿದ ನೋಟ ಈಗಲೂ ಕಣ್ಣ ಮುಂದಿದೆ. ಬಾಗಿಲ ಹತ್ತಿರ ನಿಂತಿದ್ದ ಬಸವರಾಜ ಸರ್ ಮುಖ ಆಚೆ ತಿರುಗಿಸಿಕೊಂಡರು.

ಹೊರಗೆ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದಾಗ ಗುಲಾಬಿ ಓಡಿ ಬಂದಳು. ಇಡೀ ಲ್ಯಾಬು ನಾರುತ್ತಿತ್ತು, ನಾರುತ್ತಿದ್ದದ್ದು ನಿನ್ನ ಮೇಜೇ, ಅಷ್ಟು ಸಲ ಮೂಗು ಹಿಂಡಿ ತೋರಿಸಿದೆನಲ್ಲ, ಸಲ್ಫೈಡು ತಾನೇ ಬರೆದೆ ಎಂದು ಒಂದೇ ಉಸಿರಿಗೆ ಕೇಳಿದಳು. ನಾನು ಕೈ ಮೂಸಿದೆ. ಸಾಬೂನಿನ ವಾಸನೆ ಮಾತ್ರ ಇತ್ತು.

ಮಾರ್ಚಿನಲ್ಲಿ ಥಿಯರಿ ಪರೀಕ್ಷೆಯಾಯಿತು. ಇಂಗ್ಲಿಷಿನ ಜೊತೆ ಗುದ್ದಾಡಿ, ತಿಳಿದದ್ದನ್ನೂ ಅರ್ಧವೇ ಬರೆದು ಬಂದೆ. ಮೇ ತಿಂಗಳಲ್ಲಿ ಕಾಲೇಜಿನ ಬೋರ್ಡಿಗೆ ಫಲಿತಾಂಶ ಹಚ್ಚಿದರು. ಗುಲಾಬಿ ಪಾಸು. ನನ್ನದು ಉಳಿದೆಲ್ಲ ಪಾಸು, ಕೆಮಿಸ್ಟ್ರಿ ಒಂದು ಹೋಗಿತ್ತು. ಆ ಸಾಲ್ಟಿನ ಅಂಕ ಬಂದಿದ್ದರೆ ದಾಟಿಬಿಡುತ್ತಿದ್ದೆ ಎಂದು ಬಸವರಾಜ ಸರ್ ಮೆಲ್ಲಗೆ ಹೇಳಿದರು. ಹೇಳದಿದ್ದರೆ ಒಳ್ಳೆಯದಿತ್ತು. ಗುಲಾಬಿ ತನ್ನ ಪಾಸಿಗೆ ನಗಲೂ ಆಗದೆ, ನನ್ನ ಕೈ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನವರೆಗೆ ಬಂದಳು. ಅಪ್ಪ ಬೈಯಲಿಲ್ಲ, ಹುಬ್ಬಳ್ಳಿಯ ಹೆಸರೂ ಹೇಳಲಿಲ್ಲ. ಅವನ ಪಾಲಿಗೆ ಅದು ಅಲ್ಲಿಗೇ ಮುಗಿದಿತ್ತು.

ಮರುದಿನ ಬೆಳಿಗ್ಗೆ ಬಚ್ಚಲ ಹಿಂದೆ ಹೋದೆ. ಪ್ರಾಕ್ಟಿಕಲ್ ಆದಂದಿನಿಂದ ಗುಡಾಣಕ್ಕೆ ಅಜ್ಜನೇ ಕೈ ಹಾಕುತ್ತಿದ್ದ, ನಾನು ಮುಟ್ಟಿರಲಿಲ್ಲ. ಗುಡಾಣ ಬೋರಲಾಗಿ ಬಿದ್ದಿತ್ತು. ಕಪ್ಪು ನೀರು ದಾಸವಾಳದ ಬುಡಕ್ಕೆ ಹರಿದು ಇಂಗುತ್ತಿತ್ತು, ಅಡಿಕೆಯೆಲ್ಲ ಮಣ್ಣಿನಲ್ಲಿ ಚೆಲ್ಲಾಡಿತ್ತು. ಪಕ್ಕದಲ್ಲಿ ಅಜ್ಜ ಗೋಡೆಗೆ ಕೈಕೊಟ್ಟು, ಸೊಂಟ ಹಿಡಿದುಕೊಂಡು ನಿಂತಿದ್ದ. ಅದನ್ನು ನೋಡಿ ನನಗೆ ಕನಿಕರ ಬರಬೇಕಿತ್ತು. ಬಂದದ್ದು ಸಿಟ್ಟು. ಜನವರಿಯಲ್ಲಿ ಕಾಲು ಹಿಡಿದು ಕೇಳಿದಾಗ ಬಿಡದವನು ಎಲ್ಲ ಮುಗಿದ ಮೇಲೆ ಚೆಲ್ಲಿದರೆ ಯಾರಿಗೆ ಏನು ಬಂತು?

“ಈಗ ಚೆಲ್ಲಿ ಎಂತ ಮಾಡ್ತೆ ಅಜ್ಜಾ? ಪರೀಕ್ಷೆ ದಿನ ಯನ್ನ ಕೈ ಸ್ವಚ್ಛ ಇದ್ದಿತ್ತು. ವಾಸ್ನೆ ಖರೇ ಬಂದಿತ್ತು. ಆನೇ ನಂಬಿದ್ನಿಲ್ಲೆ.”

ತಪ್ಪು ಗುಡಾಣದ್ದಲ್ಲ, ನನ್ನದೇ ಎಂದು ಹೇಳಿ ಆ ಮಾತನ್ನು ಅಲ್ಲಿಗೇ ಮುಗಿಸಬೇಕೆಂದಿದ್ದೆ. ಅಜ್ಜ ಬೋರಲು ಬಿದ್ದ ಗುಡಾಣದ ಕಡೆ ಕೈ ಮಾಡಿದ.

“ಖರೇ ವಾಸ್ನೆ ಬಂದ್ರೂ ನಿಂಗೆ ನಂಬ್ಲೆ ಆಜಿಲ್ಲೆ. ಅದ್ಕೆ ಕಾರಣ ಈ ಗುಡಾಣವೇ ಅಲ್ದನೇ ಕೂಸೆ?”



ಅಕ್ಟೋಬರಿನಲ್ಲಿ ಮತ್ತೆ ಪರೀಕ್ಷೆ ಕಟ್ಟಿ ಪಾಸಾದೆ. ಅಷ್ಟರಲ್ಲಿ ಗುಲಾಬಿ ಹುಬ್ಬಳ್ಳಿಗೆ ಹೋಗಿ ಆಗಿತ್ತು. ನಾನು ಶಿಕ್ಷಕರ ತರಬೇತಿಗೆ ಸೇರಿದೆ. ಅವಳ ಔಷಧಿ ಅಂಗಡಿ ಈಗ ಯಲ್ಲಾಪುರದ ಪೇಟೆಯಲ್ಲೇ ಇದೆ. ಮೊನ್ನೆ ನಾನು ಬಸ್ಸಿನಲ್ಲಿ ಹೊರಟದ್ದೂ ಅಲ್ಲಿಗೇ. ಹೋದಾಗಲೆಲ್ಲ ಅವಳು ಗಲ್ಲಾದ ಎಡಗಡೆ ನನಗೊಂದು ಸ್ಟೂಲು ಹಾಕುತ್ತಾಳೆ. ನಾನು ನಿಲ್ಲಬೇಕೆಂದು ಆಗ ನಿರ್ಧರಿಸಿದ್ದ ಕಡೆ ಅದೇ. ಅಲ್ಲಿ ಕೂತು ಚಹಾ ಕುಡಿಯುವಾಗ ನನಗೆ ಇವತ್ತಿಗೂ ಹೊಟ್ಟೆಕಿಚ್ಚಾಗುತ್ತದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಆದರೆ ಆ ವರ್ಷ ಎಂದರೆ ನನಗೆ ಮೊದಲು ನೆನಪಾಗುವುದು ಗುಡಾಣ ಬೋರಲಾದ ಆ ಬೆಳಿಗ್ಗೆ. ಅಜ್ಜ ಜಗಲಿಗೆ ಬಂದು ಸಂಚಿ ಬಿಚ್ಚಿ, ಎಲೆ ಒರೆಸಿ, ಸುಣ್ಣ ಹಚ್ಚಿ, ಅಲ್ಲಿಗೆ ಕೈ ನಿಲ್ಲಿಸಿ ಕೂತ. ಮುಂದಿನದು ಅವನಿಗೂ ಗೊತ್ತಿರಲಿಲ್ಲ. ನಾನು ಒಳಗಿನಿಂದ ಕುಟ್ಟಾಣಿ ತಂದು, ಒಣ ಅಡಿಕೆ ಹಾಕಿ, ಇಂಗ್ಲಿಷಿನ ಮೇಲಿನ, ಲ್ಯಾಬಿನ ಮೇಲಿನ, ಅವನ ಮೇಲಿನ, ನನ್ನ ಮೇಲಿನ ಸಿಟ್ಟನ್ನೆಲ್ಲ ಅದರ ಮೇಲೆ ಹಾಕಿ ಕುಟ್ಟಿದೆ. ಹಿಟ್ಟಿನಷ್ಟು ಸಣ್ಣಗಾಯಿತು. ಬಲಗೈಯಲ್ಲಿ ತೆಗೆದು ಅವನ ಎಲೆಯ ಮೇಲೆ ಹಾಕಿದೆ. ಆಮೇಲೆ ಕೈಯನ್ನು ಮೂಗಿನ ಕಡೆ ಬೀಸಿಕೊಂಡೆ, ಸರ್ ಹೇಳಿಕೊಟ್ಟಂತೆ, ಮೆಲ್ಲಗೆ. ಯಾವ ವಾಸನೆಯೂ ಬರಲಿಲ್ಲ.